ಯುರೋಪಿನ ಹದಿನಾಲ್ಕು ತಾರಿಗಳು

ಹೊನ್ನಾವರದ ತಾರಿಯಲ್ಲಿ ಟಿಕೇಟು ಹರಿಯುತ್ತಿದ್ದ ಶಾಂತಾರಾಮನಿಗೆ ಪ್ರಯಾಣದ ವಿಷಯದಲ್ಲಿ ಯಾರೂ ಏನನ್ನೂ ಹೇಳಿಕೊಡುವ ಹಾಗಿರಲಿಲ್ಲ. ಹಾಗೆಂದು ಅವನು ದೇಶ ಸುತ್ತಿದವನೇನಲ್ಲ. ತೆಂಕಲಿಗೆ ಭಟ್ಕಳ, ಬಡಗಲಿಗೆ ಕುಮಟಾ, ಜನ್ಮದಲ್ಲಿ ಒಂದೇ ಒಂದು ಸಲ ಹುಬ್ಬಳ್ಳಿ. ಆದರೆ ಶರಾವತಿಗೆ ಇನ್ನೂ ಸೇತುವೆ ಆಗಿರದ ಕಾಲ ಅದು. ಭಟ್ಕಳದಿಂದ ಬಂದ ಬಸ್ಸು ಆಚೆ ದಂಡೆಯ ಕಾಸರಕೋಡಿನಲ್ಲಿ ನಿಂತುಬಿಡುತ್ತಿತ್ತು. ಜನ ಗಂಟುಮೂಟೆ ಹೊತ್ತು ಇಳಿದು, ಲಾಂಚು ಹತ್ತಿ, ಹೊಳೆ ದಾಟಿ, ಈಚೆ ದಂಡೆಯಲ್ಲಿ ಕುಮಟೆಯ ಬಸ್ಸು ಹಿಡಿಯಬೇಕಿತ್ತು. ಹೊಳೆ ದಾಟಿಸುವ ಈ ಏರ್ಪಾಡಿಗೇ ತಾರಿ ಎನ್ನುವುದು. ಯಾವ ಬಸ್ಸಿಗೆ ಯಾವ ಲಾಂಚು, ಸಮುದ್ರದ ಇಳಿತದ ಹೊತ್ತಿನಲ್ಲಿ ಲಾಂಚು ಎಷ್ಟು ತಡ, ತಡವಾದರೆ ಮುಂದಿನ ಬಸ್ಸು ಯಾವುದು, ಇವೆಲ್ಲ ಶಾಂತಾರಾಮನ ನಾಲಗೆಯ ತುದಿಯಲ್ಲಿದ್ದವು. ಹದಿನೆಂಟು ವರ್ಷಗಳಿಂದ ಜನ ಅವನನ್ನು ಕೇಳಿ ಹೊರಟಿದ್ದರು, ಅವನು ಹೇಳಿದ ಹೊತ್ತಿಗೆ ತಲುಪಿದ್ದರು. ಇಂಥವನಿಗೆ ಸ್ವಲ್ಪ ಜಂಬ ಬಂದಿದ್ದರೆ ಅದನ್ನು ತಪ್ಪೆನ್ನಲಾಗದು.

ರೈಲನ್ನೂ ಅವನು ನೋಡಿದ್ದ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ, ನಿಂತದ್ದನ್ನು. ಅದು ಹೊರಡುವ ಮೊದಲೇ ಅವನಿಗೆ ವಾಪಸು ಬರುವ ಬಸ್ಸಿಗೆ ಹೊತ್ತಾಗಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಾರ್ಚಿ ತಿಂಗಳಲ್ಲಿ ಜರ್ಮನಿಯಿಂದ ಒಂದು ಕಾಗದ ಬಂತು. ಬರೆದವನು ಶಾಂತಾರಾಮನ ಹೆಂಡತಿ ಕಮಲಿಯ ತಮ್ಮ ಶ್ರೀಕೃಷ್ಣ. ಭಟ್ಕಳದ ಹತ್ತಿರದ ಬೆಳಕೆ ಊರಿನ ಮೀನುಗಾರರ ಮನೆಯ ಹುಡುಗ. ಮುಂಬಯಿಯಿಂದ ಹಡಗು ಹತ್ತಿ, ಈಗ ಹ್ಯಾಂಬರ್ಗ್ ಎಂಬ ಊರಿನ ಬಂದರಿನಲ್ಲಿ ಇಂಜಿನು ರಿಪೇರಿ ಮಾಡಿಕೊಂಡು, ಹೆಲ್ಗಾ ಎಂಬ ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಅಲ್ಲೇ ಇದ್ದ. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವನಾಗಿದ್ದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕಮಲಿ. ಹನ್ನೊಂದು ವರ್ಷವಾಗಿತ್ತು ಅವಳು ತಮ್ಮನ ಮುಖ ನೋಡಿ.

"ಅಕ್ಕಾ, ನನಗೆ ಹೆಣ್ಣುಮಗು ಹುಟ್ಟಿದೆ," ಎಂದು ಅವನು ಬರೆದಿದ್ದ. "ಸೋದರತ್ತೆ ಬಂದು ಕಿವಿಯಲ್ಲಿ ಹೆಸರು ಹೇಳದೆ ತೊಟ್ಟಿಲಿಗೆ ಹಾಕುವುದಿಲ್ಲ ಎಂದು ನಾನು ಹಟ ಹಿಡಿದಿದ್ದೇನೆ. ನೀನು, ಭಾವ ಇಬ್ಬರೂ ಮೇ ತಿಂಗಳಲ್ಲಿ ಬರಬೇಕು. ವಿಮಾನದಲ್ಲಿ ರೋಮಿಗೆ ಬನ್ನಿ, ಅಲ್ಲಿಂದ ರೈಲಿನಲ್ಲಿ ಮಿಲಾನ್, ಪ್ಯಾರಿಸ್, ಕೊಲೋನ್ ನೋಡಿಕೊಂಡು ನಮ್ಮಲ್ಲಿಗೆ ಬರಬಹುದು. ಹೇಗೂ ಒಂದು ಸಲ ಬರುವವರು. ಖರ್ಚು ನನ್ನದು. ಭಾವನ ರಜೆ ಮಂಜೂರಾದ ಕಾಗದ ಮತ್ತು ಯಾವ ದಿನ ಯಾವ ಊರು ಎಂಬ ಪಟ್ಟಿ ಏಪ್ರಿಲ್ ಇಪ್ಪತ್ತರೊಳಗೆ ನನ್ನ ಕೈ ಸೇರಬೇಕು. ತಡವಾದರೆ ಈ ವರ್ಷ ಆಗುವುದಿಲ್ಲ. ಹೆಲ್ಗಾಳ ತಾಯಿ ಆಗಲೇ ಮಗುವನ್ನು ಲೀಸೆಲ್ ಲೀಸೆಲ್ ಎಂದು ಕರೆಯಲು ಹೊರಟಿದ್ದಾಳೆ. ಕಿವಿ ಮುಚ್ಚಿ ಕೂತಿದ್ದೇನೆ. ಬೇಗ ಬಾ."

ಕಮಲಿ ಕಾಗದವನ್ನು ಎರಡು ಸಲ ಓದಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಸುಕ್ರಿ ಅಂತಲೇ ಇಡ್ವ. ಅಬ್ಬೆಯ ಹೆಸರು."

"ಹೆಸರು ನೀ ನೋಡ್ಕೋ," ಎಂದ ಶಾಂತಾರಾಮ. "ದಾರಿ ನಾ ನೋಡ್ಕಳ್ತೆ."

ಆ ಮಾತನ್ನು ಅವನು ಆಡದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮರುದಿನವೇ ಕುಮಟೆಗೆ ಹೋಗಿ, ಪರಿಚಯದ ಮಾಸ್ತರರೊಬ್ಬರಿಂದ ಶಾಲೆಯ ಅಟ್ಲಾಸು ಕೇಳಿ ತಂದ. ಯುರೋಪಿನ ಪುಟವನ್ನು ಜಗಲಿಯ ಮೇಲೆ ಹರವಿ, ಕನ್ನಡಕ ಏರಿಸಿ, ರೋಮಿನಿಂದ ಹ್ಯಾಂಬರ್ಗಿನವರೆಗೆ ಪೆನ್ಸಿಲಿನಿಂದ ಗೆರೆ ಎಳೆದ. ಆಮೇಲೆ ನೀಲಿ ಗೆರೆಗಳನ್ನು ಎಣಿಸತೊಡಗಿದ. ಎಣಿಸುತ್ತಾ ಎಣಿಸುತ್ತಾ ಅವನ ಮುಖ ಗಂಭೀರವಾಯಿತು.

"ಕಮಲೀ, ಇದು ಸಸಾರದ ದಾರಿ ಅಲ್ಲ. ಹದಿಮೂರು ಹೊಳೆ ಉಂಟು."

"ಇರ್ಲಿ. ರೈಲಲ್ವಾ?"

"ರೈಲು ಹೊಳೆ ತನಕ ಬರ್ತದೆ. ಆಮೇಲೆ? ಇಳಿಬೇಕು, ತಾರಿ ದಾಟ್ಬೇಕು, ಆಚೆ ದಡದಲ್ಲಿ ಬೇರೆ ರೈಲು ಹಿಡಿಬೇಕು. ಬಸ್ಸಿಗೇ ಇಷ್ಟು ರಗಳೆ ಇದ್ದಾಗ ರೈಲು ಎಷ್ಟು ಉದ್ದ, ನೀನೇ ವಿಚಾರ ಮಾಡು."

ಕಮಲಿ ಅಕ್ಕಿ ಆರಿಸುತ್ತಿದ್ದಳು. ಕಲ್ಲೊಂದನ್ನು ಹೊರಗೆಸೆದು ಕೇಳಿದಳು: "ಅಲ್ಲಿ ಸೇತುವೆ ಇರೂದಿಲ್ವಾ?"

ಶಾಂತಾರಾಮ ಕನಿಕರದಿಂದ ನಕ್ಕ. "ನಮ್ಮ ಹೊಳೆಗೆ ಸೇತುವೆ ಆಗ್ತದೆ ಆಗ್ತದೆ ಅಂತ ನನ್ನಪ್ಪ ಹೇಳ್ತಾ ಹೇಳ್ತಾ ಹೋದ. ಇಲ್ಲಿ ನೋಡು, ಈ ರೈನ್ ಹೊಳೆ. ಎರಡು ಸಲ ಅಡ್ಡ ಬರ್ತದೆ. ಇದಕ್ಕೆ ಸೇತುವೆ ಕಟ್ಟೂ ಗಂಡಸು ಹುಟ್ಟಬೇಕು."

ಕಮಲಿ ಮತ್ತೆ ಕೇಳಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಯಾವ ಮಾತನ್ನು ಎರಡನೆಯ ಸಲ ಕೇಳಬಾರದು ಎಂದು ಅವಳಿಗೆ ಗೊತ್ತಿತ್ತು.

ಸುದ್ದಿ ತಾರಿಯ ದಂಡೆಗೆ ತಲುಪಿತು. ಲಾಂಚು ನಡೆಸುವ ತಾಂಡೇಲ ಸೋಮ, ದಿನಾ ಮೀನಿನ ಬುಟ್ಟಿ ಹೊತ್ತು ಹೊಳೆ ದಾಟುವ ಈರಮ್ಮ, ಇಬ್ಬರೂ ಟಿಕೇಟಿನ ಕಿಂಡಿಯ ಮುಂದೆ ಅಟ್ಲಾಸಿನ ಮೇಲೆ ಬಗ್ಗಿದರು. ಹಿಂದೆ ನಿಂತ ಪ್ರಯಾಣಿಕರು ಟಿಕೇಟು ಕೇಳುವುದನ್ನು ಬಿಟ್ಟು ತಾವೂ ಬಗ್ಗಿದರು.

"ಶಾಂತಾರಾಮಣ್ಣಾ," ಎಂದ ಸೋಮ, ಬೀಡಿಯನ್ನು ಕಿವಿಯ ಮೇಲಿಟ್ಟು. "ಈ ಪೋ ಹೊಳೆಗೆ ಅಳಿವೆ ಎಲ್ಲಿ?"

"ಇಲ್ಲಿ. ಮೂಡ ಬದಿಗೆ."

"ಮೂಡಕ್ಕೆ ಸಮುದ್ರನಾ? ಎಂತ ದೇಶ ಮಾರಾಯಾ! ಹಾಗಾರೆ ನೀರಿನ ಭರತ, ಇಳಿತ ಎರಡೂ ತಿರುಗಾಮುರುಗಾ ಆಗ್ಬೇಕು. ಅಮಾಸೆಯ ಆಚೀಚೆ ಮೂರು ದಿನ ಆ ಹೊಳೆ ಬದಿಗೆ ಹೋಗ್ಬೇಡ. ಮರಳು ದಿಬ್ಬ ಎದ್ರೆ ಲಾಂಚು ಕಚ್ಕಂಡು ಕೂತ್ಕಳ್ತದೆ."

"ಹಾಗಾರೆ ಒಂದು ಹೊಳೆಗೆ ಎಷ್ಟು ಹೊತ್ತು ಇಡ್ವ?"

"ಗುರುತಿಲ್ಲದ ಹೊಳೆ. ಒಂದೂವರೆ ದಿನ ಇಡು."

ಈರಮ್ಮನ ಚಿಂತೆ ಬೇರೆ. "ಅಲ್ದಾ ಶಾಂತಾರಾಮಾ, ಸಾಮಾನು ಹೊರೂದು ಯಾರು? ಅಲ್ಲಿ ಹೆಂಗಸರು ತಲೆ ಮೇಲೆ ಬುಟ್ಟಿ ಹೊರೂದಿಲ್ಲ ಅಂತ ಕೇಳಿದ್ದೆ. ಟೊಪ್ಪಿ ಹಾಕ್ತ್ರಂತೆ. ಟೊಪ್ಪಿ ಮೇಲೆ ಬುಟ್ಟಿ ನಿಲ್ತದಾ?"

ಇದು ತೂಕದ ಪ್ರಶ್ನೆ. ಪೆಟ್ಟಿಗೆ ಒಯ್ದರೆ ಹದಿಮೂರು ಕಡೆ ಇಳಿಸಿ ಹತ್ತಿಸಲು ಹಮಾಲರು ಬೇಕು. ಆದ್ದರಿಂದ ಶಾಂತಾರಾಮ ಸಾಮಾನನ್ನೆಲ್ಲ ಒಂಬತ್ತು ಗಂಟು ಮಾಡಿದ. ಒಬ್ಬರು ಒಂದೇ ಸಲಕ್ಕೆ ತಲೆಯ ಮೇಲೊಂದು, ಕಂಕುಳಲ್ಲೊಂದು, ಕೈಯಲ್ಲೆರಡು ಹಿಡಿಯುವಂತೆ. ಒಬ್ಬರಿಗೆ ನಾಲ್ಕು, ಇಬ್ಬರಿಗೆ ಎಂಟು. ಒಂಬತ್ತನೆಯದನ್ನು ಕಾಲಿನಿಂದ ತಳ್ಳಿಕೊಂಡು ಹೋಗುವುದು. ಮಗುವಿಗೆ ಹೊಲಿದ ಕೌದಿ, ಒಣಸಿಗಡಿ, ಹಲಸಿನ ಹಪ್ಪಳ, ಕೂಸಿಗೆ ಹಾಲು ಕುಡಿಸುವ ಅಜ್ಜಿಯ ಕಾಲದ ಹಿತ್ತಾಳೆಯ ಒಳಲೆ, ಬಜೆಬೇರು, ಎಲ್ಲವಕ್ಕೂ ನಂಬರು ಬಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಬರುವ ಭಾನುವಾರ ತಾಲೀಮು ಆಗಬೇಕೆಂದ.

ಆ ಭಾನುವಾರವನ್ನು ಹೊನ್ನಾವರದ ಜನ ಬಹಳ ದಿನ ನೆನೆಸಿಕೊಂಡರು. ಗಂಡ ಹೆಂಡತಿ ಒಂಬತ್ತು ಗಂಟಿನೊಡನೆ ಲಾಂಚು ಹತ್ತಿದರು, ಕಾಸರಕೋಡಿನಲ್ಲಿ ಇಳಿದರು, ನಿಂತ ಬಸ್ಸು ಹತ್ತಿದರು, ತಕ್ಷಣ ಇಳಿದರು, ಮತ್ತೆ ಲಾಂಚು ಹತ್ತಿದರು. ಶಾಂತಾರಾಮ ಗಡಿಯಾರ ನೋಡಿಕೊಂಡು "ಈಗ ಪೋ ಹೊಳೆ ಆತು!" ಎಂದು ಕೂಗುತ್ತಿದ್ದ. ಮರುಸುತ್ತಿಗೆ "ರೈನ್ ಬಂತು, ಬೇಗ ಬೇಗ!" ದಂಡೆಯಲ್ಲಿ ಕೂತವರು ಪಂದ್ಯ ನೋಡುವವರ ಹಾಗೆ ಎದ್ದು ನಿಂತರು.

"ಎಂತ ಕಮಲಕ್ಕಾ, ಮನೆ ಬಿಟ್ಟು ಹೋಗೂದಾ, ಬರೂದಾ?" ಎಂದು ಯಾರೋ ಕೇಳಿದರು.

"ಎರಡೂ," ಎಂದಳು ಕಮಲಿ, ಬೆವರೊರೆಸಿಕೊಂಡು. ಅವಳ ಕಂಕುಳಲ್ಲಿ ಕೌದಿಯ ಗಂಟಿತ್ತು. ಅದನ್ನು ಮಾತ್ರ ಅವಳು ಒಮ್ಮೆಯೂ ನೆಲಕ್ಕಿಡಲಿಲ್ಲ.

ಮೂರನೆಯ ಸುತ್ತಿನಲ್ಲಿ ಏಳನೆಯ ನಂಬರಿನ ಗಂಟು ಕಾಣೆಯಾಯಿತು. ಕಂಡಕ್ಟರು ನಾಗ ಉಪಕಾರ ಮಾಡಲು ಹೋಗಿ ಅದನ್ನು ಬಸ್ಸಿನ ನೆತ್ತಿಯ ಮೇಲೆ ಹಾಕಿದ್ದ. ಬಸ್ಸು ಭಟ್ಕಳಕ್ಕೆ ಹೊರಟುಹೋಯಿತು. ಗಂಟಿನಲ್ಲಿ ಹಪ್ಪಳವಿತ್ತು, ಅಟ್ಲಾಸೂ ಇತ್ತು.

ಸಂಜೆ ನಾಗ ಗಂಟನ್ನು ವಾಪಸು ತಂದುಕೊಟ್ಟ. "ಶಾಂತಾರಾಮಣ್ಣ, ತಪ್ಪು ತಿಳ್ಕಂಬೇಡಿ. ಭಟ್ಕಳ ಸ್ಟ್ಯಾಂಡಿನಲ್ಲಿ ಹೊತ್ತು ಹೋಗ್ಲಿಲ್ಲ, ನಿಮ್ಮ ನಕ್ಷೆ ನೋಡ್ತಾ ಕೂತಿದ್ದೆ. ಪ್ರಪಂಚ ಭಾರೀ ದೊಡ್ಡದುಂಟು." ಹಪ್ಪಳದ ವಿಷಯ ಅವನು ಎತ್ತಲಿಲ್ಲ. ತನ್ನ ಪೆನ್ನು ಸೋರುತ್ತದೆಂಬ ವಿಷಯವನ್ನೂ ಎತ್ತಲಿಲ್ಲ.

ಮರುದಿನ ಶಾಂತಾರಾಮ ಕೊನೆಯ ಪಟ್ಟಿ ಮಾಡಲು ಕೂತು ಇನ್ನೊಮ್ಮೆ ಹೊಳೆಗಳನ್ನು ಎಣಿಸಿದ. ಹದಿನಾಲ್ಕಾದವು! ಪ್ಯಾರಿಸಿಗೂ ಕೊಲೋನಿಗೂ ನಡುವೆ, ಮೊನ್ನೆ ಕಣ್ಣಿಗೆ ಬೀಳದಿದ್ದ ಒಂದು ನೀಲಿ ಹೊಳೆ ವಯ್ಯಾರವಾಗಿ ಬಳುಕಿಕೊಂಡು ಹರಿದಿತ್ತು. ಹೆಸರು ಬರೆದಿರಲಿಲ್ಲ.

"ನೋಡ್ದ್ಯಾ," ಎಂದ ಹೆಂಡತಿಗೆ. "ಎರಡನೇ ಸಲ ನೋಡೂದು ಇದಕ್ಕೇ. ನಾನಾದ್ದಕ್ಕೆ ಸಿಕ್ತು. ಬೇರೆಯವರಾದ್ರೆ ಈ ಹೊಳೆ ಬದಿಗೆ ಹೋಗಿ ಪಿಳಿಪಿಳಿ ಕಣ್ಣು ಬಿಡ್ತಿದ್ರು."

ತಾರಿಗೆ ಒಂದೂವರೆ ದಿನದಂತೆ ಹದಿನಾಲ್ಕು ತಾರಿಗೆ ಇಪ್ಪತ್ತೊಂದು ದಿನ. ಅವನಿಗೆ ಸಿಗಬಹುದಾದ ರಜೆಯೂ ಇಪ್ಪತ್ತೊಂದೇ. ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ. ಶಾಂತಾರಾಮ ಆ ಪಟ್ಟಿಯನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

ಕಮಲಿಯೂ ನೋಡಿದಳು. "ಮಗು ನೋಡೂದು ಯಾವಾಗ?"

"ಆಂ?"

"ಹದಿಮೂರು ಹೊಳೆ ಇದ್ದಾಗ ಒಂದೂವರೆ ದಿನ ಉಳಿತಿತ್ತು. ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಿ ತೊಟ್ಟಿಲಿಗೆ ಹಾಕೂಕೆ ಸಾಕು ಅಂದ್ಕಂಡಿದ್ದೆ. ಆ ಒಂದೂವರೆ ದಿನಾನೂ ಈಗ ನಿಮ್ಮ ಹೆಸರಿಲ್ಲದ ಹೊಳೆ ತಿಂತು."

ಶಾಂತಾರಾಮ ತಲೆ ಕೆರೆದುಕೊಂಡ. "ಸ್ಟೇಷನ್ನಿಗೇ ಮಗು ತರೂಕೆ ಹೇಳ್ವ. ನೀ ಕಿವಿಯಲ್ಲಿ ಹೆಸರು ಹೇಳು. ಅಲ್ಲಿಂದಲೇ ವಿಮಾನ ಹತ್ವ."

ಕಮಲಿ ಜಗಳವಾಡಲಿಲ್ಲ. ಪಟ್ಟಿಯ ಒಂದು ನಕಲನ್ನು ಮಾಡಿಸಿ, ವಿದೇಶಕ್ಕೆ ಬರೆಯುವ ನೀಲಿ ಕಾಗದದಲ್ಲಿ ತಮ್ಮನಿಗೆ ಕಳಿಸಿದಳು. ಕೆಳಗೆ ಒಂದೇ ಸಾಲು: "ಇದು ಹೌದಾ, ಬೇಗ ಬರಿ."

ಇತ್ತ ಶಾಂತಾರಾಮ ಅದೇ ಪಟ್ಟಿಯನ್ನು ರಜೆಯ ಅರ್ಜಿಗೆ ಲಗತ್ತಿಸಿ ಕಚೇರಿಯ ಸಾಹೇಬರ ಮುಂದಿಟ್ಟ. ಸಾಹೇಬರು ಧಾರವಾಡದ ಕಡೆಯವರು. ಈ ಕರಾವಳಿಯ ಸೆಕೆಯಲ್ಲಿ ನಾಲ್ಕು ವರ್ಷ ಬೆಂದು, ಒಂದು ಬಡ್ತಿ ಸಿಕ್ಕಿದರೆ ಊರಿಗೆ ಹೋದೇನು ಎಂದು ಕಾದು ಕೂತವರು. ಅರ್ಜಿಯನ್ನು ಬದಿಗಿಟ್ಟು ಪಟ್ಟಿಯನ್ನೇ ಓದಿದರು. ತಾರಿಯ ಹೆಸರು, ಉಬ್ಬರದ ತಿಥಿ, ಇಳಿತದ ತಿಥಿ, ಎರಡು ದಡದ ಊರುಗಳು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಏನ್ರೀ ಶಾಂತಾರಾಮ್! ಇಷ್ಟು ದಿನ ನೀವು ಬರೇ ಟಿಕೇಟು ಹರಿಯೂ ಮನಶ್ಯಾ ಅಂತ ತಿಳಕೊಂಡಿದ್ದೆ. ಸ್ವಂತ ರಜಾದಾಗ, ಸರಕಾರಕ್ಕ ಒಂದು ಪೈ ಖರ್ಚಿಲ್ಲದ, ಯುರೋಪಿನ ಹದಿನಾಕು ತಾರಿ ಅಭ್ಯಾಸ ಮಾಡಾಕ ಹೊಂಟೀರಿ?"

"ಅಭ್ಯಾಸ ಅಂದ್ರೆ ಸಾಹೇಬರೇ, ದಾಟೂದು..."

"ದಾಟಿದರ ಅಭ್ಯಾಸ ಆತಲ್ರೀ! ಈ ಹತ್ತನೇದಕ್ಕ ಹೆಸರಿಲ್ಲಲ್ಲ, ಯಾಕ?"

"ನಕ್ಷೆಯಲ್ಲೂ ಇಲ್ಲ. ಹೊಸ ಹೊಳೆ."

"ಹೊಸಾ ಹೊಳಿ!" ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅದನ್ನಂತೂ ಬಿಡಬ್ಯಾಡ್ರಿ."

ಇಲ್ಲಿ ಶಾಂತಾರಾಮ ಒಂದು ಮಾತು ಹೇಳಬಹುದಿತ್ತು: ಸಾಹೇಬರೇ, ನಾನು ಹೊರಟದ್ದು ಹೆಂಡತಿಯ ತಮ್ಮನ ಮಗುವಿನ ತೊಟ್ಟಿಲಿಗೆ ಎಂದು. ಆದರೆ ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಸಾಹೇಬರು ಅವನಿಗೆ ಕುರ್ಚಿ ತೋರಿಸಿ "ಕೂಡ್ರಿ" ಎಂದಿದ್ದರು. ಕುರ್ಚಿ ಮೆತ್ತಗಿತ್ತು. ಅವನು ಕೂತ.

ಅಂದೇ ಮೇಲಿನ ಕಚೇರಿಗೆ ಕಾಗದ ಹೋಯಿತು. 'ನಮ್ಮ ಕಚೇರಿಯ ಸಿಬ್ಬಂದಿಯೊಬ್ಬರು ಯುರೋಪ್ ಖಂಡದ ತಾರಿ ವ್ಯವಸ್ಥೆಯ ಅಧ್ಯಯನಕ್ಕೆ ತೆರಳುತ್ತಿದ್ದು, ಈ ಯೋಜನೆಗೆ ಮಾರ್ಗದರ್ಶನ ಮಾಡಿರುವವರು ಕೆಳಗೆ ಸಹಿ ಮಾಡಿರುವ ನಾನು.' ದಂಡೆಗೆ ಸುದ್ದಿ ಬರುವಷ್ಟರಲ್ಲಿ ಅದು ಇನ್ನಷ್ಟು ಬೆಳೆದಿತ್ತು. ಶಾಂತಾರಾಮನನ್ನು ಅಲ್ಲಿಯ ಸರಕಾರವೇ ಕರೆಸಿದೆ, ಅವರ ಲಾಂಚುಗಳೆಲ್ಲ ಹೊತ್ತು ತಪ್ಪಿ ಓಡುತ್ತಿವೆ, ಇವನು ಹೋಗಿ ಸರಿ ಮಾಡಬೇಕು ಎಂದು. ಇಡಗುಂಜಿಯ ಗಣಪತಿಗೆ ಹೊರಟ ಭಕ್ತರು ಲಾಂಚು ಹತ್ತುವ ಮೊದಲು ಕಿಂಡಿಯೊಳಗೆ ಬಗ್ಗಿ ಅವನನ್ನೂ ಒಮ್ಮೆ ನೋಡಿಕೊಂಡು ಹೋಗುತ್ತಿದ್ದರು.

"ಶಾಂತಾರಾಮಣ್ಣಾ," ಎಂದು ಸೋಮ ಗುಟ್ಟಾಗಿ ಹೇಳಿದ. "ಅಲ್ಲಿಯ ತಾಂಡೇಲರಿಗೆ ಮಧ್ಯಾಹ್ನ ಎಷ್ಟು ಹೊತ್ತು ಬಿಡುವು ಕೊಡ್ತ್ರು, ಅದೊಂದು ಬರ್ಕಂಡು ಬಾ. ನಮ್ಮ ಸಾಹೇಬರಿಗೆ ತೋರಿಸ್ಬೇಕು."

"ಅಲ್ಲಿ ಮೀನಿನ ಬುಟ್ಟಿಗೆ ಬೇರೆ ಟಿಕೇಟು ಉಂಟಾ, ಕೇಳು," ಎಂದಳು ಈರಮ್ಮ. "ಇಲ್ಲ ಅಂತಾದ್ರೆ ನಾನೂ ನಾಳೆಯಿಂದ ಕೊಡೂದಿಲ್ಲ."

ಏಪ್ರಿಲ್ ಐದಕ್ಕೆ ಮೇಲಿನ ಕಚೇರಿಯಿಂದ ಉತ್ತರ ಬಂತು. ಬಹಳ ಸಂತೋಷವಾಗಿದೆ ಎಂದಿತ್ತು. ಆದರೆ ಅಧ್ಯಯನ ಪ್ರವಾಸವಾದ್ದರಿಂದ ಬೆಂಗಳೂರಿನ ಮಂಜೂರಾತಿ ಅಗತ್ಯ. ಅದು ಬರುವವರೆಗೆ ರಜೆ ಕೊಡತಕ್ಕದ್ದಲ್ಲ. ಪ್ರತಿ ತಾರಿಯ ಕುರಿತು ನಲವತ್ತಾರು ಪ್ರಶ್ನೆಗಳ ನಮೂನೆಯನ್ನು ಮೂರು ಪ್ರತಿಗಳಲ್ಲಿ ತುಂಬತಕ್ಕದ್ದು ಎಂದೂ ಇತ್ತು. ಇಪ್ಪತ್ತೊಂಬತ್ತನೆಯ ಪ್ರಶ್ನೆ, 'ಆಡುಗಳನ್ನು ಲಾಂಚಿನಲ್ಲಿ ಕೂರಿಸಲಾಗುತ್ತದೆಯೇ, ನಿಲ್ಲಿಸಲಾಗುತ್ತದೆಯೇ?'

"ಮಂಜೂರಾತಿ ಯಾವಾಗ ಬರಬಹುದು ಸಾಹೇಬರೇ?" ಶಾಂತಾರಾಮ ಕೇಳಿದ.

"ಹಿಂದ ಒಬ್ಬಾಂವಗ ಎರಡು ವರ್ಷದಾಗ ಬಂದಿತ್ತು," ಎಂದರು ಸಾಹೇಬರು, ಅದು ಬಹಳ ಬೇಗ ಎಂಬ ಧ್ವನಿಯಲ್ಲಿ. "ನೀವೇನು ಕಾಳಜಿ ಮಾಡಬ್ಯಾಡ್ರಿ. ಹತ್ತನೇ ತಾರೀಖಿಗೆ ದಂಡೀ ಮ್ಯಾಲ ನಿಮಗ ಒಂದು ಸತ್ಕಾರ ಇಟ್ಟೀನಿ. ಮ್ಯಾಲಿನವರಿಗೆ ಫೋಟೋ ಕಳಸೂಣು."

ಎರಡು ವರ್ಷ! ಅಷ್ಟರಲ್ಲಿ ಮಗು ತೊಟ್ಟಿಲಿನಿಂದ ಇಳಿದು ತಾನೇ ನಡೆದು ಬಂದು, ನನ್ನ ಹೆಸರು ಲೀಸೆಲ್ ಎಂದು ಹೇಳುತ್ತದೆ. ಮನೆಗೆ ಹೋದ ಶಾಂತಾರಾಮ ಈ ಸುದ್ದಿಯನ್ನು ಹೆಂಡತಿಗೆ ಹೇಗೆ ಹೇಳಲಿ ಎಂದು ಜಗಲಿಯಲ್ಲಿ ಮೂರು ಸಲ ಕೆಮ್ಮಿದ. ಕಮಲಿ ಒಳಗಿನಿಂದ ಬಂದು ಜರ್ಮನಿಯ ಕಾಗದವೊಂದನ್ನು ಅವನ ಕೈಗಿಟ್ಟಳು.

"ಭಾವಾ, ನಿಮ್ಮ ಪಟ್ಟಿ ನೋಡಿದೆ," ಎಂದು ಬರೆದಿದ್ದ ಶ್ರೀಕೃಷ್ಣ. "ನಗುವುದನ್ನು ನಿಲ್ಲಿಸಿ ಈಗ ಬರೆಯುತ್ತಿದ್ದೇನೆ. ರೈಲು ಎಲ್ಲ ಹೊಳೆಯನ್ನೂ ಸೇತುವೆಯ ಮೇಲೆ ದಾಟುತ್ತದೆ. ನೀವು ಇಳಿಯಬೇಕಾಗಿಲ್ಲ. ದಯವಿಟ್ಟು ಇಳಿಯಬೇಡಿ, ಇಳಿದರೆ ಸೀದಾ ಹೊಳೆಗೇ. ಹತ್ತನೆಯ ಹೊಳೆ ಯಾವುದೋ ನನಗೆ ತಿಳಿಯಲಿಲ್ಲ, ಇಲ್ಲಿ ಯಾರಿಗೂ ತಿಳಿಯಲಿಲ್ಲ. ಅಕ್ಕಾ, ಹೆಲ್ಗಾಳ ತಾಯಿ ಮಗುವಿನ ಟೊಪ್ಪಿಗೆಯ ಮೇಲೆ ಲೀಸೆಲ್ ಎಂದು ಕಸೂತಿ ಹಾಕಲು ಶುರು ಮಾಡಿದ್ದಾಳೆ. ಎರಡು ಅಕ್ಷರ ಆಗಿದೆ."

ಶಾಂತಾರಾಮ ಅಟ್ಲಾಸನ್ನು ಬೆಳಕಿಗೆ ಹಿಡಿದ. ಹತ್ತನೆಯ ಹೊಳೆಯ ಮೇಲೆ ಬೆರಳಿಗೆ ಉಗುಳು ಹಚ್ಚಿ ಒರೆಸಿದ. ಹೊಳೆ ಬೆರಳಿಗೆ ಬಂತು.

ಆ ಬೆರಳನ್ನು ನೋಡುತ್ತಲೇ ಎರಡು ವರ್ಷದ ಮಂಜೂರಾತಿಯ ಸುದ್ದಿಯನ್ನೂ ಹತ್ತನೆಯ ತಾರೀಖಿನ ಸತ್ಕಾರದ ಸುದ್ದಿಯನ್ನೂ ಹೆಂಡತಿಗೆ ಹೇಳಿಬಿಟ್ಟ. ಕಮಲಿ ಕೇಳಿದಳು. "ಸಾಹೇಬರ ಹತ್ರ ನೀವು ಹೇಳ್ತ್ರಾ, ನಾ ಹೋಗಿ ಹೇಳ್ಲಾ?"

"ಎಂತ ಹೇಳೂದು ಕಮಲಿ? ಇಡೀ ಊರು ಅಲ್ಲಿ ಕೂತಿರ್ತದೆ. ನಾಳೆಯಿಂದ ಕಿಂಡಿಯಲ್ಲಿ ನಾನು ಕುಮಟೆ ಬಸ್ಸು ಅಂದ್ರೆ ಜನ ಹಿಂದೆ ತಿರುಗಿ ಇನ್ನೊಬ್ಬನ ಕೇಳ್ತ್ರು."

"ಅದೂ ಹೌದು," ಎಂದಳು ಕಮಲಿ ಮೆತ್ತಗೆ. ಗಂಡನ ಮಾನದ ಬಗ್ಗೆ ಅವಳಿಗೆ ಕಳಕಳಿ ಇಲ್ಲದೆ ಇರಲಿಲ್ಲ. ಎದ್ದುಹೋಗಿ ಅವನಿಗೆ ಊಟಕ್ಕೆ ಬಡಿಸಿದಳು. ಮೀನಿನ ನಡುತುಂಡನ್ನು ಅವನ ತಟ್ಟೆಗೇ ಹಾಕಿದಳು. ಆಮೇಲೆ ಕೌದಿಯ ಗಂಟು ಬಿಚ್ಚಿ, ಕೌದಿಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಇಡತೊಡಗಿದಳು. ಅದರ ಮೇಲೆ ಒಳಲೆ. ಅದರ ಮೇಲೆ ಹಳೆಯ ಸೀರೆಗಳು. ಜಗಳವಾಡಿದ್ದರೆ ಶಾಂತಾರಾಮ ಗೆಲ್ಲುತ್ತಿದ್ದ. ಅವನು ಮೀನಿನ ತುಂಡನ್ನು ತಟ್ಟೆಯ ಬದಿಗೆ ಸರಿಸಿ ಕೈ ತೊಳೆದ.

ಹತ್ತನೆಯ ತಾರೀಖು ಬೆಳಿಗ್ಗೆ ದಂಡೆಯ ಮೇಲೆ ತೆಂಗಿನ ಗರಿ ಹೆಣೆದ ಮಡ್ಲು ಚಪ್ಪರ ಎದ್ದಿತ್ತು. ಸೋಮ ಲಾಂಚಿಗೆ ಮಾವಿನೆಲೆ ಕಟ್ಟಿದ್ದ. ಕುಮಟೆಯಿಂದ ಫೋಟೋದವನು ಬಂದಿದ್ದ. ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಶಾಂತಾರಾಮನ ಹೆಸರು ಎರಡು ಸಲ ಬಂತು. ಆಮೇಲೆ ಅವನ ಕೊರಳಿಗೆ ಅಬ್ಬಲಿಗೆಯ ಹಾರ ಬಿತ್ತು, ಕೈಗೆ ಮೈಕು ಬಂತು.

"ಮಾನ್ಯರೇ," ಎಂದ ಶಾಂತಾರಾಮ. ಚಪ್ಪಾಳೆ.

"ಯುರೋಪಿನಲ್ಲಿ ಹದಿನಾಲ್ಕು ತಾರಿಗಳು..." ಭಾರೀ ಚಪ್ಪಾಳೆ. ಸಾಹೇಬರು ಎದ್ದು ನಿಂತು ತಟ್ಟಿದರು.

"ಉಂಟು ಅಂತ ನಾನು ನಿಮ್ಮೆಲ್ಲರ ಎದುರು..." ಸೋಮ ಲಾಂಚಿನ ಸಿಳ್ಳು ಊದಿಸಿದ.

"ದಯವಿಟ್ಟು ಚಪ್ಪಾಳೆ ಹೊಡಿಬೇಡಿ!"

"ಎಷ್ಟು ವಿನಯ ನೋಡ್ರಿ!" ಎಂದರು ಸಾಹೇಬರು. ಮತ್ತೆ ಚಪ್ಪಾಳೆ.

ಶಾಂತಾರಾಮ ಜನರ ಕಡೆ ನೋಡಿದ. ಹೆಂಗಸರ ನಡುವೆ ಕಮಲಿ ಕೂತಿದ್ದಳು. ಅವಳು ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಸುಮ್ಮನೆ ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡು, ಮೈಕಿಗೆ ಬಾಯಿ ಅಂಟಿಸಿ, ಒಂದೇ ಉಸಿರಿಗೆ ಕೂಗಿದ:

"ಒಂದೂ ಇಲ್ಲ! ಎಲ್ಲದಕ್ಕೂ ಸೇತುವೆ ಉಂಟು! ನನಗೆ ಗೊತ್ತಿರ್ಲಿಲ್ಲ! ಹತ್ತನೇ ಹೊಳೆ ನಾಗನ ಪೆನ್ನಿನ ಶಾಯಿ!"

ಕಾಗೆಯೊಂದು ಚಪ್ಪರದ ಮೇಲಿಂದ ಹಾರಿಹೋಯಿತು. ಕಂಡಕ್ಟರು ನಾಗ ಮೆಲ್ಲನೆ ಜೇಬಿನಿಂದ ಪೆನ್ನು ತೆಗೆದು ಬೆನ್ನ ಹಿಂದೆ ಹಿಡಿದ. ಆಗ ಈರಮ್ಮ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಅಂದಳು:

"ಹಾಗಾರೆ ಒಳ್ಳೇದೇ ಆತಲ್ಲ! ಕಮಲಿಗೆ ಕೂಸು ಎತ್ತೂಕೆ ಇಪ್ಪತ್ತೊಂದು ದಿನಾನೂ ಸಿಕ್ತು. ಇದಕ್ಕೆ ಹೊಡೀರಿ ಚಪ್ಪಾಳೆ!"

ಜನ ಹೊಡೆದರು. ಸಾಹೇಬರು ಮಾತ್ರ ಹೊಡೆಯಲಿಲ್ಲ. ಅವರ ಮುಖ ಹುಣಿಸೆಹಣ್ಣಿನಂತಾಗಿತ್ತು. "ಒಳಗ ಬರ್ರಿ," ಎಂದರು.

ಒಳಗೆ ಅವರು ತಲೆಯ ಮೇಲೆ ಕೈಹೊತ್ತು ಕೂತರು. "ಮ್ಯಾಲಿನವರಿಗೆ ನಾ ಈಗ ಏನು ಬರೀಲಿ? ನನ್ನ ಗುಮಾಸ್ತ ಶಾಯಿಯೊಳಗ ತಾರಿ ಬಿಡಾಕ ಹೊಂಟಿದ್ದ ಅಂತೇನು?" ಬಹಳ ಯೋಚನೆಯ ಮೇಲೆ ಒಂದು ಉಪಾಯ ಹೊಳೆಯಿತು. ಅಧ್ಯಯನ ಮಾಡಲು ತಾರಿಯೇ ಇಲ್ಲವೆಂದು ಖಚಿತವಾದರೆ ಅಧ್ಯಯನ ಪ್ರವಾಸವೂ ಇಲ್ಲ. ಬೆಂಗಳೂರಿನ ಮಂಜೂರಾತಿಯೂ ಬೇಡ. ಇಪ್ಪತ್ತೊಂದು ದಿನದ ಸಾಧಾರಣ ರಜೆಯನ್ನು ಅವರೇ ಕೊಡಬಹುದು. ಆದರೆ ಖಚಿತ ಎಂದರೆ ಕಾಗದದ ಮೇಲೆ ಖಚಿತವಾಗಬೇಕು.

'ಯುರೋಪ್ ಖಂಡದಲ್ಲಿ ತಾರಿಗಳು ಇರುವುದಿಲ್ಲವೆಂದು ನಾನು ಈ ಮೂಲಕ ಪ್ರಮಾಣಪೂರ್ವಕವಾಗಿ ತಿಳಿಸುತ್ತೇನೆ. ಇದು ಸುಳ್ಳೆಂದು ಕಂಡುಬಂದಲ್ಲಿ ಶಿಸ್ತಿನ ಕ್ರಮಕ್ಕೆ ಬದ್ಧನಾಗಿರುತ್ತೇನೆ.' ಶಾಂತಾರಾಮ ಸಹಿ ಹಾಕಿದ. ಸಾಕ್ಷಿಗೆ ತಾಂಡೇಲ ಸೋಮನ ಸಹಿ, ಈರಮ್ಮನ ಹೆಬ್ಬೆಟ್ಟು. ಕುಮಟೆಯ ಸಂತೆಗಿಂತ ಆಚೆಗೆ ಹೋಗದ ಈರಮ್ಮ, ಇಡೀ ಯುರೋಪಿನಲ್ಲಿ ತಾರಿಯಿಲ್ಲವೆಂದು ಹೆಬ್ಬೆಟ್ಟು ಒತ್ತಿ, ಬೆರಳನ್ನು ಸಾಹೇಬರ ಪರದೆಗೆ ಒರೆಸಿ ಹೋದಳು.

ರಜೆಯ ಕಾಗದ ಹತ್ತೊಂಬತ್ತಕ್ಕೆ ಹ್ಯಾಂಬರ್ಗು ತಲುಪಿತು. ದಿನಗಳ ಹೊಸ ಪಟ್ಟಿಯನ್ನು ಕಮಲಿಯೇ ಮಾಡಿದ್ದಳು. ಎರಡು ಸಾಲು: 'ಮೊದಲು ಕೂಸು. ಉಳಿದ ಊರು ಅದು ನಿದ್ದೆ ಮಾಡಿದಾಗ.'

ಮೇ ತಿಂಗಳ ಒಂದು ಬೆಳಿಗ್ಗೆ ಅವರು ರೋಮಿನಲ್ಲಿ ಇಳಿದರು. ಶ್ರೀಕೃಷ್ಣ ಬಂದು ನಿಂತಿದ್ದ. ಅಕ್ಕ ತಮ್ಮ ಇಬ್ಬರೂ ಅತ್ತು, ಅಳುತ್ತಲೇ ರೈಲು ಹತ್ತಿದರು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು. ಹೊಳೆಗಳು ಒಂದೊಂದಾಗಿ ಕಿಟಕಿಯ ಕೆಳಗೆ ಹಾದುಹೋದವು. ಶಾಂತಾರಾಮ ಪ್ರತಿಯೊಂದಕ್ಕೂ ಎರಡೂ ಕೈಯಿಂದ ಸೀಟು ಹಿಡಿದು ಕೂತ. ರೈನ್ ನದಿಯ ಮೇಲೆ ಮಾತ್ರ, "ಕಟ್ಟಿದ್ರು ನೋಡು," ಎಂದು ಸ್ವಲ್ಪ ಬೇಸರದಿಂದ ಹೇಳಿದ.

ಮರುದಿನ ಕಮಲಿ ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ಮೀಯಿಸಿದಳು. ಹೆಲ್ಗಾಳ ತಾಯಿ ಬಾಗಿಲಲ್ಲಿ ನಿಂತು ಗಾಬರಿಯಿಂದ ನೋಡುತ್ತಿದ್ದವಳು, ಮಗು ಆಕಳಿಸಿ ನಕ್ಕಾಗ ಒಳಗೆ ಬಂದು ಪಕ್ಕದಲ್ಲೇ ಕೂತಳು. ಕೌದಿ ಹಾಸಿದ ತೊಟ್ಟಿಲಿಗೆ ಹಾಕಿ, ಕಮಲಿ ಮಗುವಿನ ಕಿವಿಗೆ ಬಾಯಿಟ್ಟು ಮೂರು ಸಲ ಸುಕ್ರಿ, ಸುಕ್ರಿ, ಸುಕ್ರಿ ಎಂದಳು. ಕೇಳಿಸಿಕೊಂಡ ಆ ಅಜ್ಜಿಯೂ "ಜುಕ್ರಿ" ಎಂದಳು. ಟೊಪ್ಪಿಗೆಯ ಮೇಲೆ ಅರ್ಧವಾಗಿದ್ದ ಕಸೂತಿಯನ್ನು ಅಂದೇ ಸಂಜೆ ಬಿಚ್ಚತೊಡಗಿದಳು.

ಎಲ್ಲವೂ ಸುಖವಾಗಿ ಮುಗಿಯಬೇಕಾದದ್ದು ಹೀಗೆ. ಆದರೆ ಮೂರನೆಯ ದಿನ ಶ್ರೀಕೃಷ್ಣ, "ಭಾವಾ, ನಾ ಕೆಲಸ ಮಾಡೂ ಬಂದರು ತೋರಿಸ್ತೆ ಬನ್ನಿ," ಎಂದು ಇಬ್ಬರನ್ನೂ ಕರೆದುಕೊಂಡು ಹೋದ. ಎಲ್ಬ್ ಹೊಳೆ ಶರಾವತಿಯ ಅಳಿವೆಯಷ್ಟೇ ಅಗಲವಾಗಿ ಹರಿಯುತ್ತಿತ್ತು. ಅದರ ಮೇಲೆ, ಈ ದಂಡೆಯಿಂದ ಆ ದಂಡೆಗೆ, ಜನರನ್ನು ತುಂಬಿಕೊಂಡು ಭಗಭಗ ಹೊಗೆ ಬಿಡುತ್ತಾ ಒಂದು ಲಾಂಚು ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ದಂಡೆಯ ಕಿಂಡಿಯಲ್ಲಿ ಕನ್ನಡಕದವನೊಬ್ಬ ಕೂತು ಟಿಕೇಟು ಹರಿಯುತ್ತಿದ್ದ.

ಶಾಂತಾರಾಮನ ಮುಖ ಬಿಳಿಚಿಕೊಂಡಿತು. "ಕೃಷ್ಣಾ... ಅದು ಎಂತ?"

"ಅದಾ? ತಾರಿ. ನಾವೆಲ್ಲ ದಿನಾ ಕೆಲಸಕ್ಕೆ ಹೋಗೂದು ಅದ್ರಲ್ಲೇ."

"ನೀ ಬರೀಲಿಲ್ವಲ್ಲ!"

"ನೀವು ರೈಲಿನ ವಿಷಯ ಕೇಳಿದ್ರಿ."

ಶಾಂತಾರಾಮನ ಎದೆಯಲ್ಲಿ ಒಮ್ಮೆಗೇ ಎರಡು ಅಲೆ ಎದ್ದವು. ನಾನು ಹೇಳಿದ್ದು ಸುಳ್ಳಾಗಲಿಲ್ಲ, ಯುರೋಪಿನಲ್ಲಿ ತಾರಿ ಉಂಟು, ಎಂದು ಲಾಂಚಿನ ನೆತ್ತಿಯ ಮೇಲೆ ಹತ್ತಿ ಕೂಗಬೇಕೆನಿಸಿತು. ಕೂಗಿದರೆ, ಪ್ರಮಾಣಪೂರ್ವಕ ಹೇಳಿಕೆ, ಶಿಸ್ತಿನ ಕ್ರಮ, ನಲವತ್ತಾರು ಪ್ರಶ್ನೆ, ಆಡುಗಳು.

ಕಮಲಿ ಅವನ ತೋಳು ಹಿಡಿದಳು. "ನೀವು ಎಂತದೂ ನೋಡ್ಲಿಲ್ಲ. ತಿರುಗಿ ನಿಲ್ಲಿ."

ಅವನು ಹೊಳೆಗೆ ಬೆನ್ನು ಹಾಕಿ ನಿಂತ. ಹಿಂದೆ ಲಾಂಚು ಸಿಳ್ಳು ಹಾಕಿತು. ಹದಿನೆಂಟು ವರ್ಷದ ಅಭ್ಯಾಸ. ಕೈ ತನ್ನಷ್ಟಕ್ಕೆ ಟಿಕೇಟು ಹರಿಯುವಂತೆ ಆಡಿತು. ಅದನ್ನು ಜೇಬಿನೊಳಗೆ ತುರುಕಿದ.

ಸಾಹೇಬರಿಗೊಂದು ಚಿತ್ರದ ಕಾರ್ಡು ಕಳಿಸಬೇಕೆಂಬುದು ಮರ್ಯಾದೆಯ ಪ್ರಶ್ನೆ. ಅಂಗಡಿಯಲ್ಲಿ ನೂರಾರು ಕಾರ್ಡುಗಳಿದ್ದವು. ಆದರೆ ಆ ಊರಿನ ಯಾವ ಚಿತ್ರ ತೆಗೆದರೂ ಮೂಲೆಯಲ್ಲೊಂದು ಲಾಂಚು ಇಣುಕುತ್ತಿತ್ತು. ಇಗರ್ಜಿಯ ಚಿತ್ರದಲ್ಲಿ ಲಾಂಚು, ಹೂದೋಟದ ಚಿತ್ರದಲ್ಲಿ ಲಾಂಚು. ಒಂದು ಗಂಟೆ ಹುಡುಕಿದ ಮೇಲೆ ಹುಲ್ಲು ಮೇಯುತ್ತಿದ್ದ ಒಂದು ದನದ ಚಿತ್ರ ಸಿಕ್ಕಿತು. ಕಾರ್ಡಿನ ತುಂಬ ದನವೇ ಇತ್ತು. ಶಾಂತಾರಾಮ ಅದನ್ನು ಎರಡು ಸಲ ಬೆಳಕಿಗೆ ಹಿಡಿದು, ದನದ ಕಾಲುಗಳ ಸಂದಿನಲ್ಲೂ ಹೊಳೆ ಕಾಣುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಳಿಸಿದ.

ಕಾರ್ಡು ಹೊನ್ನಾವರದ ದಂಡೆಯಲ್ಲಿ ಕೈಯಿಂದ ಕೈಗೆ ಹೋಯಿತು. "ಅಷ್ಟು ದೂರ ಹೋಗಿ ದನ ನೋಡಿದ್ನಾ ಮಾರಾಯಾ?" ಎಂದ ಸೋಮ. "ಕೆಚ್ಚಲು ಒಳ್ಳೇದುಂಟು," ಎಂದಳು ಈರಮ್ಮ.

ಕೊನೆಗೆ ಅದು ಸಾಹೇಬರ ಮೇಜಿಗೆ ಬಂತು. ಅವರು ಭೂತಗನ್ನಡಿ ತರಿಸಿ, ಕಾರ್ಡನ್ನು ನಾಲ್ಕೂ ಮೂಲೆಯಿಂದ ಪರಿಶೀಲಿಸಿ, ಫೈಲಿಗೆ ಲಗತ್ತಿಸಿ, ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: 'ಸಿಬ್ಬಂದಿಯ ಹೇಳಿಕೆ ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಯುರೋಪಿನಲ್ಲಿ ತಾರಿ ಇರುವುದಿಲ್ಲ. ದನ ಇದೆ.'